ಅಂಗಡಿಯ ಕಾಯಿದೆ

ನಮ್ಮ ಊರಿನ ಪೇಟೆಬೀದಿಯಲ್ಲಿ ಒಂದು ಜವಳಿ ಅಂಗಡಿ ಇದ್ದಿತು. ೨೦೨೨ರ ಮೇ ತಿಂಗಳ ಕೊನೆಯಲ್ಲಿ ಅದರ ಬಾಗಿಲು ಮುಚ್ಚಿತು. ಅಂಗಡಿಗಳು ತೆರೆಯುವುದೂ ಮುಚ್ಚುವುದೂ ಪೇಟೆಗೆ ಹೊಸದಲ್ಲ. ಆದರೆ ಈ ಅಂಗಡಿ ಮುಚ್ಚಿದ ಮೂರನೆಯ ದಿನ ಸಂಜೆ ಅದರ ಗುಮಾಸ್ತ ನನ್ನ ಮನೆಯ ಜಗುಲಿಗೆ ಬಂದು ಕುಳಿತ. ಅವನು ನನ್ನ ಹಳೆಯ ವಿದ್ಯಾರ್ಥಿ. ಮಾರನೆಯ ದಿನ ಬೆಳಗ್ಗೆ ಅಂಗಡಿಯ ಯಜಮಾನನೂ ಬಂದ. ಅವನೂ ನನ್ನ ವಿದ್ಯಾರ್ಥಿಯೇ, ಇವನಿಗಿಂತ ಮೂರು ವರ್ಷ ಕಿರಿಯ. ಸಣ್ಣ ಊರಿನಲ್ಲಿ ಮೇಷ್ಟರಾಗಿರುವವರ ಕಷ್ಟ ಇದು: ವ್ಯಾಜ್ಯದ ಎರಡು ಕಡೆಯವರೂ ನಮ್ಮ ಬೆಂಚಿನ ಮೇಲೆ ಕುಳಿತು ಎದ್ದು ಹೋದವರೇ ಆಗಿರುತ್ತಾರೆ. ಹೆಸರುಗಳನ್ನು ಹೇಳುವುದಿಲ್ಲ. ಇಬ್ಬರೂ ರೇಡಿಯೋ ಕೇಳುವವರು.

ನಾನು ಕಾಯಿದೆ ಓದಿದವನಲ್ಲ, ವ್ಯಾಕರಣ ಓದಿದವನು. ಆದರೂ ಅವರಿಬ್ಬರ ನಡುವೆ ಕೂರಬೇಕಾಗಿ ಬಂದುದರಿಂದ ಕಾಯಿದೆಯ ಪುಸ್ತಕಗಳನ್ನು ತೆರೆದೆ. ಕಾರ್ಮಿಕ ಇಲಾಖೆಯ ಕಚೇರಿಯ ಮೆಟ್ಟಿಲನ್ನೂ ಹತ್ತಿದೆ. ಆಗ ತಿಳಿದುಕೊಂಡುದನ್ನೂ, ಆ ಬಳಿಕ ಬದಲಾದುದನ್ನೂ ತಮ್ಮೊಡನೆ ಹಂಚಿಕೊಳ್ಳಬೇಕೆಂಬುದು ಈ ಭಾಷಣದ ಉದ್ದೇಶ. ತಮ್ಮಲ್ಲಿ ಕೆಲವರು ಅಂಗಡಿ ಇಟ್ಟಿರಬಹುದು. ಕೆಲವರ ಮಕ್ಕಳು ಅಂಗಡಿಯಲ್ಲೋ ಕಂಪನಿಯಲ್ಲೋ ದುಡಿಯುತ್ತಿರಬಹುದು. ಈ ಮಾತು ಇಬ್ಬರಿಗೂ ಸೇರಿದ್ದು.

ಪಂಡಿತನಾದ ತಪ್ಪಿಗೆ ಮೊದಲು ಶಬ್ದಗಳ ವಿಚಾರ ಒಂದೆರಡು ಮಾತು. ‘ಗುಮಾಸ್ತ’ ಎಂಬುದು ಪಾರಸಿಯಿಂದ ಬಂದ ಶಬ್ದ. ‘ನೇಮಕಗೊಂಡವನು’ ಎಂದು ಅದರ ಅರ್ಥ. ‘ಸಂಬಳ’ವೆಂದರೆ ಮೂಲದಲ್ಲಿ ದಾರಿಯ ಬುತ್ತಿ, ಪ್ರಯಾಣಕ್ಕೆ ಕಟ್ಟಿಕೊಟ್ಟ ಪಾಥೇಯ. ‘ಜೀತ’ವೆಂಬುದೋ ‘ಜೀವಿತ’ದ ತದ್ಭವ. ಹಳಗನ್ನಡದಲ್ಲಿ ಅದಕ್ಕೆ ಜೀವನೋಪಾಯ, ವೇತನ ಎಂಬ ಗೌರವದ ಅರ್ಥವೇ ಇದ್ದಿತು. ಅದೇ ಶಬ್ದ ಇಳಿಯುತ್ತ ಇಳಿಯುತ್ತ ಸಾಲಕ್ಕೆ ಮೈಯನ್ನು ಒತ್ತೆಯಿಟ್ಟು ದುಡಿಯುವುದಕ್ಕೆ ಹೆಸರಾಯಿತು. ೧೯೭೬ರಲ್ಲಿ ಕಾಯಿದೆ ಮಾಡಿ ಅದನ್ನು ನಿಷೇಧಿಸಬೇಕಾಯಿತು. ಶಬ್ದಕ್ಕೆ ಬಂದ ಈ ಗತಿಯಲ್ಲಿ ದುಡಿಮೆಯ ಚರಿತ್ರೆಯೇ ಅಡಗಿದೆ. ಇರಲಿ. ನನ್ನ ಶಿಷ್ಯ ಗುಮಾಸ್ತ, ಎಂದರೆ ನೇಮಕಗೊಂಡವನು. ಆದರೆ ನೇಮಕದ ಕಾಗದವೆಂಬುದು ಅವನ ಬಳಿ ಇರಲೇ ಇಲ್ಲ. ಇಡೀ ತೊಡಕು ಹುಟ್ಟಿದುದು ಅಲ್ಲಿಂದ.

ಅಂಗಡಿಯ ಕೆಲಸದವರಿಗೆ ಕಾಯಿದೆಯ ರಕ್ಷಣೆ ಬಂದುದು ಕಾರ್ಖಾನೆಯವರಿಗಿಂತ ತಡವಾಗಿ. ಕಾರ್ಖಾನೆಯಲ್ಲಿ ನೂರಾರು ಜನ ಒಟ್ಟಿಗಿರುತ್ತಾರೆ, ಸಂಘ ಕಟ್ಟುತ್ತಾರೆ, ಸೀಟಿ ಊದಿದರೆ ಹೊರಗೆ ಬರುತ್ತಾರೆ. ಅಂಗಡಿಯಲ್ಲಿರುವುದು ಮೂವರೋ ನಾಲ್ವರೋ. ಯಜಮಾನನ ಮನೆಯ ಮದುವೆಯಲ್ಲಿ ಬಡಿಸುವವರು ಅವರೇ. ಅವರ ಮನೆಯ ಕಾಯಿಲೆಗೆ ಕೈಗಡ ಕೊಡುವವನು ಯಜಮಾನನೇ. ಇಂಥ ಕಡೆ ಕಾಯಿದೆಯ ಮಾತೆತ್ತುವುದೇ ಕೃತಘ್ನತೆಯೆಂದು ಕಾಣುತ್ತಿದ್ದಿತು. ೧೯೫೬ರಲ್ಲಿ ಕನ್ನಡನಾಡು ಒಂದಾದಾಗ ಅಂಗಡಿಯ ಕಾಯಿದೆ ಮಾತ್ರ ಒಂದಾಗಿರಲಿಲ್ಲ. ಮೈಸೂರಿನ ಕಡೆ ೧೯೪೮ರ ಮೈಸೂರು ಕಾಯಿದೆ, ಬೆಳಗಾವಿ ಧಾರವಾಡಗಳ ಕಡೆ ಅದೇ ವರ್ಷದ ಮುಂಬಯಿ ಕಾಯಿದೆ, ಮಂಗಳೂರಿನಲ್ಲಿ ೧೯೪೭ರ ಮದರಾಸು ಕಾಯಿದೆ, ಗುಲ್ಬರ್ಗದಲ್ಲಿ ಹೈದರಾಬಾದಿನದು. ಒಂದೇ ರಾಜ್ಯದ ಒಬ್ಬ ಗುಮಾಸ್ತ ಊರು ಬದಲಿಸಿದರೆ ಅವನ ರಜೆಯ ಲೆಕ್ಕವೂ ಬದಲಾಗುತ್ತಿದ್ದಿತು. ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಇವೆಲ್ಲವನ್ನೂ ತೆಗೆದು ಒಂದೇ ಅಳತೆಗೋಲನ್ನು ಇಟ್ಟಿತು. ಅದು ಇಂದಿಗೂ ನಮ್ಮ ರಾಜ್ಯದಲ್ಲಿ ನಡೆಯುತ್ತಿದೆ.

ಆ ಅಳತೆಗೋಲು ದೊಡ್ಡದೇನಲ್ಲ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ; ಅದಕ್ಕೆ ಮೀರಿದರೆ ಎರಡರಷ್ಟು ಕೂಲಿ. ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ವಿಶ್ರಾಂತಿ. ವಾರಕ್ಕೊಂದು ದಿನ ರಜೆ. ಇಪ್ಪತ್ತು ದಿನ ದುಡಿದರೆ ಸಂಬಳ ಸಹಿತ ಒಂದು ದಿನದ ರಜೆ. ಆರು ತಿಂಗಳು ದುಡಿದವನನ್ನು ತಕ್ಕ ಕಾರಣವಿಲ್ಲದೆ, ತಿಂಗಳ ನೋಟೀಸಿಲ್ಲದೆ ತೆಗೆಯಲಾಗದು. ಮುಂದೆ ಇದೇ ಕಾಯಿದೆಗೆ ಇನ್ನೊಂದು ಕಲಮು ಸೇರಿತು: ಕೆಲಸಕ್ಕೆ ಸೇರಿಸಿಕೊಂಡ ಮೂವತ್ತು ದಿನಗಳೊಳಗೆ ಹುದ್ದೆ, ಸಂಬಳ, ಷರತ್ತುಗಳನ್ನು ಬರೆದ ನೇಮಕದ ಆದೇಶವನ್ನು ಯಜಮಾನನು ಕೊಡತಕ್ಕದ್ದು. ‘ಕೊಡತಕ್ಕದ್ದು’ ಎಂಬ ವಿಧ್ಯರ್ಥವನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಪೇಟೆಬೀದಿಯಲ್ಲಿ ಅದನ್ನು ‘ಕೊಟ್ಟರೂ ಕೊಡಬಹುದು’ ಎಂದು ಓದುತ್ತಾರೆ.

ಈಗ ಶಿಷ್ಯನ ಕಥೆಗೆ ಬರೋಣ. ಅವನು ಆ ಅಂಗಡಿಗೆ ಸೇರಿದುದು ೨೦೦೩ರ ಜೂನ್ ತಿಂಗಳಲ್ಲಿ, ಹಿರಿಯ ಯಜಮಾನರ ಕಾಲದಲ್ಲಿ. ಬಾಯಿಮಾತಿನ ನೇಮಕ. ಅಂಗಡಿ ಮುಚ್ಚುವಾಗ ಹತ್ತೊಂಬತ್ತು ವರ್ಷಕ್ಕೆ ತಿಂಗಳು ಮಾತ್ರ ಕಡಮೆ. ಅವನ ಸಂಬಳ ಆಗ ತಿಂಗಳಿಗೆ ೧೫,೬೦೦ ರೂಪಾಯಿ. ಕೊನೆಯ ದಿನ ಚಿಕ್ಕ ಯಜಮಾನ ಆ ತಿಂಗಳ ಸಂಬಳವನ್ನೂ ಒಂದು ಜೊತೆ ಪಂಚೆಯನ್ನೂ ಕೊಟ್ಟು, “ಇಷ್ಟು ದಿನ ಇದ್ದಿರಿ, ಏನೂ ಅಂದ್ಕೋಬೇಡಿ” ಎಂದನಂತೆ. ಇವನು ಪಂಚೆಯನ್ನು ತೆಗೆದುಕೊಂಡು ಬಂದ. ಯಾರೋ ಗ್ರಾಚ್ಯುಯಿಟಿ ಎಂಬ ಹೆಸರು ಹೇಳಿದರು. “ಅದು ನಂಥೋರ್ಗೂ ಬರತ್ತಾ ಮೇಷ್ಟ್ರೇ?” ಎಂದು ಕೇಳುವುದಕ್ಕಾಗಿ ಜಗುಲಿಗೆ ಬಂದುದು.

ಬರುತ್ತದೆ. ಇಂಗ್ಲಿಷಿನ ಆ ಹೆಸರಿಗೆ ಮೂಲಾರ್ಥ ಮೆಚ್ಚಿ ಕೊಟ್ಟ ಕೊಡುಗೆ ಎಂದು. ನಮ್ಮ ಸರಕಾರದ ಕನ್ನಡದಲ್ಲಿಯೂ ಅದು ‘ಉಪದಾನ’. ಹೆಸರಿನಲ್ಲಿ ದಾನವಿದ್ದರೂ ೧೯೭೨ರ ಕೇಂದ್ರದ ಕಾಯಿದೆ ಅದನ್ನು ಕೊಡಲೇಬೇಕಾದ ಹಣವನ್ನಾಗಿ ಮಾಡಿತು. ಲೆಕ್ಕ ಸುಲಭ. ಕೊನೆಯ ತಿಂಗಳ ಸಂಬಳವನ್ನು ಇಪ್ಪತ್ತಾರರಿಂದ ಭಾಗಿಸಿ, ಹದಿನೈದರಿಂದ ಗುಣಿಸಿ, ಅದನ್ನು ದುಡಿದ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳಿಗೆ ಮೀರಿದ ಚೂರೂ ಪೂರ್ತಿ ವರ್ಷವೆಂದೇ ಲೆಕ್ಕ. ಸಾಮಾನ್ಯವಾಗಿ ಐದು ವರ್ಷದ ದುಡಿಮೆಯಾಗಿರಬೇಕು. ನನ್ನ ಶಿಷ್ಯನಿಗೆ ವರ್ಷಕ್ಕೆ ೯,೦೦೦ ರೂಪಾಯಿ. ಹತ್ತೊಂಬತ್ತು ವರ್ಷಕ್ಕೆ ೧,೭೧,೦೦೦ ರೂಪಾಯಿ.

ಯಜಮಾನನ ಉತ್ತರ ಎರಡು ಬಗೆಯದಾಗಿದ್ದಿತು. “ನಮ್ಮ ಅಂಗಡೀಲಿ ಇರೋದೇ ಐದು ಜನ ಸಾರ್. ಹತ್ತು ಜನ ಇದ್ದರೆ ತಾನೆ ಈ ಕಾಯಿದೆ?” ಎಂಬುದು ಮೊದಲನೆಯದು. ಹತ್ತು ಜನರ ಮಾತು ನಿಜ. ಆದರೆ ಇವನ ತಂದೆಯ ಕಾಲದಲ್ಲಿ, ಮದುವೆಯ ಜವಳಿಗೆ ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿಗೇ ಬರುತ್ತಿದ್ದಾಗ, ಅಂಗಡಿಯಲ್ಲಿ ಹನ್ನೆರಡು ಜನರಿದ್ದರು. ಒಮ್ಮೆ ಹತ್ತು ಮುಟ್ಟಿ ಕಾಯಿದೆಗೆ ಒಳಪಟ್ಟ ಅಂಗಡಿ, ಮುಂದೆ ಜನ ಕಡಮೆಯಾದರೂ ಅದರಿಂದ ಹೊರಬೀಳುವುದಿಲ್ಲ. ಈ ಒಂದು ಅಂಶ ಪೇಟೆಯಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ಕಾಣೆ. ತಾವು ಅಂಗಡಿಯವರಾದರೆ ದಯವಿಟ್ಟು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

ಎರಡನೆಯ ಉತ್ತರ ಗಟ್ಟಿಯಾದುದು. ಅಂಗಡಿಯ ಹಾಜರಿ ಪುಸ್ತಕದಲ್ಲಿ ಇವನ ಹೆಸರು ಕಾಣುವುದು ೨೦೧೪ರ ಜೂನ್ ತಿಂಗಳಿಂದ. ತಂದೆ ಹೋದ ಮೇಲೆ ಮಗ ಪುಸ್ತಕಗಳನ್ನು ಕ್ರಮಪಡಿಸಿದ ವರ್ಷ ಅದು. ಆ ಲೆಕ್ಕದಲ್ಲಿ ಎಂಟು ವರ್ಷ, ೭೨,೦೦೦ ರೂಪಾಯಿ. ನಡುವಿನ ೯೯,೦೦೦ ರೂಪಾಯಿ ಕಾಗದದಲ್ಲಿ ಇಲ್ಲ. ಹನ್ನೊಂದು ವರ್ಷ ಬಟ್ಟೆಯ ಥಾನುಗಳನ್ನು ಬಿಚ್ಚಿ ಮಡಿಸಿದುದಕ್ಕೆ ಒಂದು ಗೆರೆಯ ಗುರುತೂ ಇಲ್ಲ.

ಯಜಮಾನ ಸುಳ್ಳು ಹೇಳುವವನಾಗಿರಲಿಲ್ಲ. ಅವನ ಕಷ್ಟವನ್ನೂ ಹೇಳಬೇಕು. ೨೦೨೦ರ ಲಾಕ್‌ಡೌನಿನಲ್ಲಿ ಮದುವೆಯ ಎರಡು ತಿಂಗಳು ಕೈತಪ್ಪಿದುವು; ಬಾಡಿಗೆ ಮಾತ್ರ ತಪ್ಪಲಿಲ್ಲ. ಹಳ್ಳಿಯ ಹುಡುಗಿಯರೂ ಫೋನಿನಲ್ಲೇ ಸೀರೆ ತರಿಸಿಕೊಳ್ಳತೊಡಗಿದರು. ಬ್ಯಾಂಕಿನ ಸಾಲ, ಸೂರತ್ತಿನ ವರ್ತಕರ ಬಾಕಿ. “ತಿಂಗಳಿಗೆ ಏಳುನೂರೈವತ್ತು ತೆಗೆದಿಡು ಅಂತ ಯಾರಾದ್ರೂ ಮೊದಲೇ ಹೇಳಿದ್ದಿದ್ರೆ ಇಡ್ತಿದ್ದೆ ಸಾರ್. ಮುಚ್ಚೋ ದಿನ ಬಂದು ಒಂದು ಮುಕ್ಕಾಲು ಲಕ್ಷ ಅಂದ್ರೆ ಎಲ್ಲಿಂದ ತರಲಿ?” ಎಂದ. ಅವನ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ದೊಡ್ಡ ಕಂಪನಿಗೆ ಕಾಯಿದೆಯನ್ನು ಓದಿ ಹೇಳಲು ಸಂಬಳದ ವಕೀಲರಿದ್ದಾರೆ. ಪೇಟೆಯ ಅಂಗಡಿಗೆ ತೆರಿಗೆಯ ಲೆಕ್ಕ ಬರೆಯುವ ಒಬ್ಬ ಹುಡುಗ ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ.

ನಾನು ಕೇಳಿದೆ: “ನಿಮ್ಮ ತಂದೆಯವರ ಕಾಲದ ಕಿರ್ದಿ ಪುಸ್ತಕಗಳು ಏನಾದುವಪ್ಪಾ?” ಅಟ್ಟದ ಮೇಲಿವೆ ಎಂದ. ಇಳಿಸುವುದಿಲ್ಲವೆಂದು ಹೇಳಬಹುದಾಗಿತ್ತು, ಇಲಿ ತಿಂದಿತೆಂದರೆ ಯಾರೂ ಕೇಳುವಂತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ತಾನೇ ಏಣಿ ಹತ್ತಿ ಕೆಂಪು ಬಟ್ಟೆಯ ಗಂಟುಗಳನ್ನು ಇಳಿಸಿದ. ೨೦೦೩ರ ಕಿರ್ದಿಯನ್ನು ತೆರೆದೆವು. ಜೂನ್ ತಿಂಗಳ ನಡುವಿನಿಂದ ಅಕ್ಷರ ಬದಲಾಗಿದೆ. ಜಮಾದ ಕಡೆ ಸರಿ. ಖರ್ಚಿನ ಕಡೆ ಪ್ರತಿ ಪುಟದಲ್ಲೂ ‘ಕರ್ಚು’, ‘ಕರ್ಚು’, ‘ಕರ್ಚು’! ಒಂಬತ್ತನೆಯ ತರಗತಿಯಲ್ಲಿ ಈ ಮಹಾಪ್ರಾಣಕ್ಕಾಗಿ ನಾನು ಎಷ್ಟು ಕೆಂಪು ಶಾಯಿ ಸುರಿಸಿದ್ದೆನೋ. ‘ಚು’ವಿನ ಕೊನೆಯನ್ನು ಹಲ್ಲಿಯ ಬಾಲದಂತೆ ಸುತ್ತುವ ಆ ಬರೆವಣಿಗೆ ಅವನದೇ. ಯಜಮಾನನೂ ಗುರುತು ಹಿಡಿದ. ಶಾಲೆ ಬಿಟ್ಟು ಬಂದು ಅದೇ ಗಲ್ಲದ ಪಕ್ಕದಲ್ಲಿ ಕೂತು ಆಡುತ್ತಿದ್ದ ಹುಡುಗ ಅಲ್ಲವೆ ಅವನು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಅವನು, “ಹತ್ತೊಂಬತ್ತೇ ಆಗಲಿ ಸಾರ್” ಎಂದ. ತಿದ್ದಿದ್ದರೆ ಕಳೆದುಹೋಗುತ್ತಿದ್ದ ತಪ್ಪೊಂದು ಒಬ್ಬನ ಹನ್ನೊಂದು ವರ್ಷವನ್ನು ಉಳಿಸಿತು.

೭೨,೦೦೦ ರೂಪಾಯಿಯನ್ನು ಆ ವಾರವೇ ಕೊಟ್ಟ. ಮಿಕ್ಕ ೯೯,೦೦೦ವನ್ನು ತಿಂಗಳಿಗೆ ಒಂಬತ್ತು ಸಾವಿರದಂತೆ ಹನ್ನೊಂದು ಕಂತಿನಲ್ಲಿ ಕೊಡುವುದೆಂದು ನಾನೇ ಮಧ್ಯಸ್ತಿಕೆ ಮಾಡಿದೆ. ಕಾಯಿದೆಯಂತೆ ಮೂವತ್ತು ದಿನಗಳೊಳಗೆ ಪೂರ್ತಿ ಕೊಡಬೇಕು, ತಡವಾದರೆ ಬಡ್ಡಿ ಸೇರಬೇಕು. ಇಬ್ಬರೂ ಶಿಷ್ಯರು, ಇಬ್ಬರೂ ಉಳಿಯಲಿ ಎಂದು ನಾನು ಅದನ್ನು ಬದಿಗಿಟ್ಟೆ. ಕಂತು ಒಂದೂ ತಪ್ಪಲಿಲ್ಲ. ಆದರೆ ಆ ಜುಲೈನಲ್ಲಿ ಗುಮಾಸ್ತನ ಮಗಳ ಕಾಲೇಜಿನ ಫೀಜಿಗೆ ಹಣ ಸಾಲದೆ ಅವನು ಕೈಸಾಲ ಮಾಡಿದನೆಂದು ನನಗೆ ಆಮೇಲೆ ತಿಳಿಯಿತು. ಆ ಸಾಲದ ಬಡ್ಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನೂ ಹಿಡಿದಿರಲಿಲ್ಲ. ದಾಕ್ಷಿಣ್ಯದ ತೀರ್ಮಾನದಲ್ಲಿ ನಷ್ಟ ಬೀಳುವುದು ಸಾಮಾನ್ಯವಾಗಿ ಬಾಯಿ ಇಲ್ಲದ ಕಡೆಗೆ. ಅಂದಿನಿಂದ ಇಂಥ ಪಂಚಾಯಿತಿಗೆ ಯಾರು ಬಂದರೂ ನಾನು ಮೊದಲು ತೋರಿಸುವುದು ಕಾರ್ಮಿಕ ಇಲಾಖೆಯ ದಾರಿಯನ್ನು.

ಇದಾದ ಎರಡು ವರ್ಷಕ್ಕೆ, ೨೦೨೪ರ ಜನವರಿಯಲ್ಲಿ, ನಮ್ಮ ರಾಜ್ಯ ಸರಕಾರ ಕಡ್ಡಾಯ ಉಪದಾನ ವಿಮೆಯ ನಿಯಮಗಳನ್ನು ಹೊರಡಿಸಿತು. ಉಪದಾನಕ್ಕೆ ಒಳಪಟ್ಟ ಯಜಮಾನರು ಜೀವವಿಮಾ ನಿಗಮದಲ್ಲೋ ಬೇರೆ ವಿಮಾ ಕಂಪನಿಯಲ್ಲೋ ಆ ಹಣಕ್ಕೆ ವಿಮೆ ಮಾಡಿಸಿ ಕಂತು ಕಟ್ಟುತ್ತ ಬರಬೇಕು. ಪತ್ರಿಕೆಯಲ್ಲಿ ಓದಿದಾಗ ಆ ಏಳುನೂರೈವತ್ತು ರೂಪಾಯಿ ನೆನಪಿಗೆ ಬಂದಿತು. ಅಂಗಡಿಯವರಿಗೆ ಇದೊಂದು ಹೊಸ ಹೊರೆಯೆಂದು ದೂರು ಕೇಳಿದ್ದೇನೆ. ಹೊರೆಯೇ ಸರಿ, ಆದರೆ ದಿನಕ್ಕಿಷ್ಟು ಹೊರುವ ಹೊರೆ, ಕೊನೆಯ ದಿನ ತಲೆಯ ಮೇಲೆ ಬೀಳುವ ತೊಲೆಯಲ್ಲ. ನೌಕರನಿಗಂತೂ ಅಂಗಡಿ ಮುಳುಗಿದರೂ ಅವನ ಪಾಲು ಮುಳುಗದೆಂಬ ಧೈರ್ಯ.

ದುಡಿಮೆಯ ವಿಷಯ ನಮ್ಮ ಸಂವಿಧಾನದಲ್ಲಿ ಸಮವರ್ತಿ ಪಟ್ಟಿಗೆ ಸೇರಿದುದು. ಕೇಂದ್ರವೂ ಕಾಯಿದೆ ಮಾಡಬಹುದು, ರಾಜ್ಯವೂ ಮಾಡಬಹುದು. ಒಂದೇ ಒಲೆಯ ಮೇಲೆ ಇಬ್ಬರ ಅಡಿಗೆ. ಈಚಿನ ದೊಡ್ಡ ಬದಲಾವಣೆ ಕೇಂದ್ರದ್ದು. ಇಪ್ಪತ್ತೊಂಬತ್ತು ಹಳೆಯ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಲ್ಲಿ ಅಡಗಿಸಿದ್ದಾರೆ. ವೇತನದ ಸಂಹಿತೆ ೨೦೧೯ರದು. ಮಿಕ್ಕ ಮೂರು ೨೦೨೦ರವು. ಎಲ್ಲವೂ ಜಾರಿಗೆ ಬಂದುದು ೨೦೨೫ರ ನವೆಂಬರ್ ೨೧ರಂದು. ಉಪದಾನದ ಕಾಯಿದೆ, ಕಾರ್ಖಾನೆಗಳ ಕಾಯಿದೆಗಳೆಲ್ಲ ಅವುಗಳೊಳಗೆ ಸೇರಿಹೋಗಿವೆ. ನಮ್ಮ ೧೯೬೧ರ ಅಂಗಡಿ ಕಾಯಿದೆ ರಾಜ್ಯದ್ದಾದುದರಿಂದ ಅದು ಹಾಗೆಯೇ ನಿಂತಿದೆ.

ಸಂಹಿತೆಗಳಿಂದ ಮನೆಮಂದಿಗೆ ತಟ್ಟುವ ಕೆಲವನ್ನಷ್ಟೆ ಹೇಳುತ್ತೇನೆ. ಕನಿಷ್ಠ ವೇತನ ಹಿಂದೆ ಪಟ್ಟಿಯಲ್ಲಿ ಹೆಸರಿಸಿದ ಉದ್ಯೋಗಗಳಿಗೆ ಮಾತ್ರ ಇದ್ದಿತು. ಈಗ ಅದನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದೆ. ಕೆಲಸದಿಂದ ತೆಗೆದರೂ, ತಾನಾಗಿ ಬಿಟ್ಟರೂ, ಅಂಗಡಿಯೇ ಮುಚ್ಚಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಇಂತಿಷ್ಟು ಕಾಲವೆಂದು ಗೊತ್ತುಪಡಿಸಿ ನೇಮಿಸಿಕೊಂಡವರಿಗೆ ಉಪದಾನಕ್ಕೆ ಐದು ವರ್ಷ ಕಾಯಬೇಕಾಗಿಲ್ಲ. ಒಂದು ವರ್ಷ ಸಾಕು. ‘ವೇತನ’ವೆಂಬ ಶಬ್ದಕ್ಕೇ ಹೊಸ ಅರ್ಥ ಕಟ್ಟಿದ್ದಾರೆ: ಭತ್ಯೆಗಳು ಒಟ್ಟು ಗಳಿಕೆಯ ಅರ್ಧವನ್ನು ಮೀರಿದರೆ ಮೀರಿದುದನ್ನು ವೇತನವೆಂದೇ ಎಣಿಸಬೇಕು. ಬೆಂಗಳೂರಿನ ಕಂಪನಿಗಳಲ್ಲಿ ಮೂಲವೇತನವನ್ನು ಚಿಕ್ಕದಾಗಿಟ್ಟು ಬಗೆಬಗೆಯ ಭತ್ಯೆಗಳನ್ನು ತೋರಿಸುವ ಪದ್ಧತಿಯಿದೆಯಲ್ಲ, ಅದಕ್ಕೆ ಹಾಕಿದ ಕಡಿವಾಣ ಇದು. ತಮ್ಮ ಮಗನೋ ಮಗಳೋ ಕೈಗೆ ಬರುವ ಹಣ ಕಡಮೆಯಾಯಿತೆಂದು ಗೊಣಗಿದರೆ, ಭವಿಷ್ಯನಿಧಿಗೆ ಹೋಗುವುದು ಹೆಚ್ಚಿದೆಯೇ ಎಂದು ನೋಡಿಕೊಳ್ಳುವಂತೆ ಹೇಳಿ. ಇನ್ನೊಂದು ಕಡೆ ಕಾರ್ಖಾನೆ ಮುಚ್ಚಲು ಸರಕಾರದ ಅನುಮತಿ ಬೇಕೆಂಬ ನಿಬಂಧನೆ ನೂರು ಕೆಲಸಗಾರರಿಂದ ಮುನ್ನೂರಕ್ಕೆ ಏರಿದೆ. ಉದ್ಯಮಿಗಳು ಇದನ್ನು ಸ್ವಾಗತಿಸಿದರು. ಕಾರ್ಮಿಕ ಸಂಘಗಳು ಬೀದಿಗಿಳಿದು ಪ್ರತಿಭಟಿಸಿದುವು. ಎಲ್ಲರಿಗೂ ಸಿಹಿಯಾಗುವ ಕಾಯಿದೆಯನ್ನು ನಾನು ಇನ್ನೂ ಕಂಡಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಎರಡಲಗು ಇನ್ನೂ ಚೆನ್ನಾಗಿ ಕಾಣುತ್ತದೆ. ೧೯೬೧ರ ಅಂಗಡಿ ಕಾಯಿದೆ ಹೆಂಗಸರು ರಾತ್ರಿ ಕೆಲಸ ಮಾಡಬಾರದೆಂದಿತು. ೨೦೨೦ರಲ್ಲಿ ರಾಜ್ಯ ಅದನ್ನು ತಿದ್ದಿ, ಅವರ ಒಪ್ಪಿಗೆಯಿದ್ದು, ವಾಹನ ಮತ್ತು ರಕ್ಷಣೆಯ ಏರ್ಪಾಡಿದ್ದರೆ ಮಾಡಬಹುದೆಂದಿತು. ಹೆರಿಗೆಯ ರಜೆಯ ಕಾಯಿದೆಯೂ ಅದೇ ೧೯೬೧ರದು, ಕೇಂದ್ರದ್ದು. ಅದರ ಹನ್ನೆರಡು ವಾರ ೨೦೧೭ರಲ್ಲಿ ಇಪ್ಪತ್ತಾರು ವಾರವಾಯಿತು. ತಾಯಿಗೂ ಕೂಸಿಗೂ ಇದಕ್ಕಿಂತ ಒಳ್ಳೆಯದುಂಟೆ? ಆದರೆ ರಾಜ್ಯವಿಮೆ ಇಲ್ಲದ ಕಡೆ ಆ ಆರು ತಿಂಗಳ ಸಂಬಳ ಪೂರ್ತಿ ಯಜಮಾನನ ಕೈಯದು. “ಹೊಸದಾಗಿ ಮದುವೆಯಾದವರನ್ನು ತೆಗೆದುಕೊಳ್ಳೋದು ಬೇಡ” ಎಂದು ಪಿಸುಗುಟ್ಟುವುದನ್ನು ನಾನೇ ಕೇಳಿದ್ದೇನೆ. 

ಗಂಟೆಯ ವಿಷಯ ಇನ್ನೂ ಬಿಸಿಯಾದುದು. ಹತ್ತಕ್ಕಿಂತ ಕಡಮೆಯಲ್ಲದ ನೌಕರರಿರುವ ಅಂಗಡಿಗಳು ಹಗಲುರಾತ್ರಿ, ವಾರವಿಡೀ ತೆರೆದಿರಬಹುದೆಂದು ೨೦೨೧ರ ಜನವರಿಯಲ್ಲಿ ಅನುಮತಿ ಬಂದಿತು. ಅಂಗಡಿಗೆ ರಜೆ ಇಲ್ಲದಿದ್ದರೂ ನೌಕರನಿಗೆ ವಾರದ ರಜೆ ಉಂಟು. ಸರದಿಯ ಮೇಲೆ ಕೊಡಬೇಕು. ೨೦೨೫ರಲ್ಲಿ ದಿನದ ಒಂಬತ್ತು ಗಂಟೆಯನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪವೊಂದು ರಾಜ್ಯದಲ್ಲಿ ಹೊರಟು, ಸಂಘಗಳ ವಿರೋಧಕ್ಕೆ ಗುರಿಯಾಯಿತು. ಅಂಗಡಿಯಲ್ಲಿ ನಿಂತು ದುಡಿಯುವವರ ಕಾಲಿನ ನರಗಳನ್ನು ಒಮ್ಮೆ ನೋಡಿದವರು ಆ ಒಂದು ಗಂಟೆಯ ತೂಕವನ್ನು ಹೇಳಬಲ್ಲರು.

ಇನ್ನು ತಮ್ಮ ಬಾಗಿಲಿಗೆ ಊಟದ ಪೊಟ್ಟಣ ತರುವ ಹುಡುಗ. ಅವನು ಯಾರ ಗುಮಾಸ್ತ? ಅವನಿಗೆ ಅಂಗಡಿಯಿಲ್ಲ, ಗಲ್ಲವಿಲ್ಲ. ಯಜಮಾನನ ಮುಖವನ್ನೇ ಕಂಡಿಲ್ಲ. ಇಂಥವರಿಗಾಗಿ ೨೦೨೫ರಲ್ಲಿ ಕರ್ನಾಟಕ ಪ್ರತ್ಯೇಕ ಕಾಯಿದೆ ಮಾಡಿತು. ಇದಕ್ಕೆ ಮೊದಲು ೨೦೨೩ರಲ್ಲಿ ರಾಜಸ್ಥಾನ ದಾರಿ ತೋರಿಸಿದ್ದಿತು. ಪ್ರತಿಯೊಂದು ಕೆಲಸಕ್ಕೆ ಹುಡುಗನಿಗೆ ಸಲ್ಲುವ ಹಣದ ನೂರಕ್ಕೆ ಒಂದರಿಂದ ಐದರವರೆಗೆ ಕಂಪನಿ ಕ್ಷೇಮನಿಧಿಗೆ ಕಟ್ಟಬೇಕು. ಹುಡುಗನ ಹೆಸರು ದಾಖಲಾಗಬೇಕು. ಇಲ್ಲಿಯೂ ಎಲ್ಲ ನಿಂತಿರುವುದು ಹೆಸರು ಬರೆಸುವುದರ ಮೇಲೆಯೇ.

ನನ್ನ ಶಿಷ್ಯ ಈಗ ಪಕ್ಕದ ಪಟ್ಟಣದ ದೊಡ್ಡ ಜವಳಿ ಮಳಿಗೆಯಲ್ಲಿದ್ದಾನೆ. ಈಚೆಗೆ ಒಂದು ಭಾನುವಾರ ಮತ್ತೆ ಜಗುಲಿಗೆ ಬಂದ. ಕೈಯಲ್ಲಿ ಮಡಿಸಿದ ಒಂದು ಕಾಗದ, ಇಂಗ್ಲಿಷಿನದು. “ಎಲ್ಲರಿಗೂ ಕೊಟ್ಟರು ಮೇಷ್ಟ್ರೇ. ಸೈನ್ ಹಾಕಿ ಒಂದು ಪ್ರತಿ ವಾಪಸ್ ಕೊಡಿ ಅಂದ್ರು” ಎಂದ. ನಾನು ಕನ್ನಡಕ ಹಾಕಿಕೊಂಡು ಓದಿ ಹೇಳಿದೆ. ಹುದ್ದೆ ಇದೆ, ಸಂಬಳ ಇದೆ, ವಾರದ ರಜೆ ಇದೆ. ಕೆಲಸಕ್ಕೆ ಸೇರಿದ ತಾರೀಖಿನ ಜಾಗದಲ್ಲಿ ಮಾತ್ರ ಚುಕ್ಕಿ ಚುಕ್ಕಿ. “ಅದನ್ನ ಆಮೇಲೆ ತುಂಬ್ತಾರಂತೆ” ಎಂದ. ಕಾಗದವನ್ನು ಮಡಿಸಿ ಅವನ ಜೇಬಿಗಿಟ್ಟು, “ಮೊದಲು ತುಂಬಿಸಿಕೊಂಡು ಬಾ, ಆಮೇಲೆ ಸೈನ್ ಹಾಕು” ಎಂದು ಕಳಿಸಿದೆ.